ಮೆರವಣಿಗೆಯ ಮುಂದೆ ಪೊರಕೆ

ಈ ಸಲದ ಗರಿಗಳ ಭಾನುವಾರ ಹಿಂದೂಪುರದ ನಮ್ಮ ದೇವಾಲಯದ ಬಾಗಿಲಲ್ಲಿ ನನ್ನ ಕೈಗೊಂದು ಪ್ಲಾಸ್ಟಿಕ್ ಗರಿ ಕೊಟ್ಟರು. ಮೂಸಿ ನೋಡಿದೆ. ಹೊಸ ಚಪ್ಪಲಿಯ ವಾಸನೆ. ಯೇಸು ಸ್ವಾಮಿ ಕತ್ತೆಯ ಮೇಲೆ ಕೂತು ಊರೊಳಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡರಲ್ಲ, ಆ ನೆನಪಿನ ಹಬ್ಬ ಇದು. ಅವರು ಹಿಡಿದದ್ದು ಮರದ ಗರಿ, ಕಾರ್ಖಾನೆಯದ್ದಲ್ಲ ಎಂದು ಗೊಣಗಿಕೊಂಡೇ ಒಳಗೆ ಹೋಗಿ ಕೂತೆ. ಕೂತವಳಿಗೆ ಹಸಿ ಈಚಲ ಗರಿಯ ವಾಸನೆ ನೆನಪಾಯಿತು... ಕಲ್ಯಾಣದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಅತ್ತೆಯ ಅಂಗಳದ ವಾಸನೆ.

ಅದೇ ಹೊತ್ತಿಗೆ ಪಾಸ್ಟರು ಪ್ರಸಂಗದಲ್ಲಿ ಆ ಅತ್ತೆಯ ಕಥೆಯನ್ನೇ ಹೇಳಬೇಕೇ! ಹೆಸರು ಅವರಿಗೆ ಗೊತ್ತಿರಲಿಲ್ಲ. "ಕಲ್ಯಾಣದುರ್ಗದಲ್ಲಿ ಒಬ್ಬ ಬಡ ಸಹೋದರಿ ಇದ್ರಂತೆ. ಗರಿಗಳ ಮೆರವಣಿಗೆಯ ಮುಂದೆ ಬೀದಿ ಗುಡಿಸ್ತಿದ್ರಂತೆ. ಎಂಥ ವಿನಯ ನೋಡಿ, ಎಂಥ ತಾಳ್ಮೆ!" ಸಭೆಯೆಲ್ಲ ಆಮೆನ್ ಎಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ವಿನಯವಂತೆ, ವಿನಯ!

ಅತ್ತೆ ನಮಗೆ ನೆಂಟಳೇನಲ್ಲ. ಗೋಡೆಗೆ ಗೋಡೆ ತಾಗಿದ್ದರಿಂದ ಅತ್ತೆ. ಗಂಡ ತೀರಿಹೋದ ಮೇಲೆ ಈಚಲ ಪೊರಕೆ ಕಟ್ಟಿ ಮಾರಿ ಬದುಕಿದವಳು. ಬೆಳುಗುಪ್ಪದ ಕಡೆಯ ಹಳ್ಳಗಳಲ್ಲಿ ಗರಿ ಕಡಿದು, ಬಸ್ಸಿನ ಮೇಲೆ ಹಾಕಿಸಿಕೊಂಡು, ಕಂಡಕ್ಟರನ ಹತ್ತಿರ ಜಗಳವಾಡಿಕೊಂಡು ತರುತ್ತಿದ್ದಳು. ಪ್ರಾರ್ಥನೆ ಮಾಡುವಾಗಲೂ ಅವಳ ದನಿ ಇಳಿಯುತ್ತಿರಲಿಲ್ಲ. "ಏನಪ್ಪಾ ಸ್ವಾಮಿ, ಕೇಳಿಸ್ತಾ ಐತಾ ಇಲ್ವಾ?" ಎಂದು ದೇವರನ್ನೇ ಗದರಿಸುವ ಹೆಂಗಸು.

ಗರಿಗಳ ಹಬ್ಬಕ್ಕೆ ಸಭೆಗೆಲ್ಲ ಗರಿ ತರುವುದು ಅವಳ ಕಾಣಿಕೆಯಾಗಿತ್ತು. ಸುಳಿ ಮುಟ್ಟದೆ, ಅದರ ಪಕ್ಕದ ಎಳೆಯ ಗರಿಗಳನ್ನಷ್ಟೇ ಆರಿಸುತ್ತಿದ್ದಳು. ಮಕ್ಕಳ ಕೈಗೆ ಚುಚ್ಚಬಾರದೆಂದು ಬುಡದ ಮುಳ್ಳುಗಳನ್ನು ಕೂತು ಸವರುತ್ತಿದ್ದಳು. ಹಿಂದಿನ ದಿನ ಅವಳ ಅಂಗಳದ ತುಂಬ ನೀರು ಚಿಮುಕಿಸಿದ ಗರಿಗಳ ರಾಶಿ, ಆ ಹಸಿ ವಾಸನೆ... ನಮ್ಮ ಮನೆಯ ಅನ್ನಕ್ಕೂ ಅದೇ ವಾಸನೆ ಹತ್ತಿದಂತಿರುತ್ತಿತ್ತು.

ಆಮೇಲೆ ಸಭೆ ಬೆಳೆಯಿತು. ಹೊಸ ಕಟ್ಟಡ, ಹೊಳೆಯುವ ನೆಲ, ನೌಕರಿಯಲ್ಲಿದ್ದವರೇ ತುಂಬಿದ ಕಮಿಟಿ. ಪೊರಕೆಯ ಗರಿ ಹಿಡಿದು ಪೇಟೆಬೀದಿಯಲ್ಲಿ ಹೋದರೆ ಊರವರು ನಮ್ಮನ್ನು ಎಂಥವರು ಅಂದುಕೊಳ್ಳುತ್ತಾರೆ ಎಂಬ ಚಿಂತೆ ಅವರಿಗೆ ಹತ್ತಿತು. ಎಂಥವರೆಂದರೆ ಯಾವ ಜಾತಿಯವರು ಎಂದು. ಕ್ರಿಸ್ತನಲ್ಲಿ ಜಾತಿಯಿಲ್ಲ ಎಂದು ಮೈಕಿನಲ್ಲಿ ಕೂಗುತ್ತಿದ್ದವರೂ ಅವರೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆ ವರ್ಷ ಲಾರಿಯಲ್ಲಿ ತೆಂಗಿನ ಗರಿ ತರಿಸಿದರು. ಅತ್ತೆಯ ಹೊರೆಯನ್ನು ಕಮಿಟಿಯ ಸೆಕ್ರೆಟರಿ ಗೇಟಿನಲ್ಲೇ ತಡೆದ.

ನಾನು ಪಕ್ಕದಲ್ಲೇ ಇದ್ದೆ. ಅತ್ತೆ ಅಳಲಿಲ್ಲ, ಕೈ ಮುಗಿಯಲಿಲ್ಲ. "ನಿನ್ನ ಕೇಳಿ ತಂದಿಲ್ಲ ಕಣಪ್ಪ. ನಾನು ತಂದಿರಾದು ಸ್ವಾಮಿಗೆ," ಎಂದು ಹೊರೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಹೊರಗೆ ಗರಿಗಳು ಬಿಸಿಲಿಗೆ ಬಾಡಿದವು. ಒಬ್ಬರೂ ಒಂದನ್ನೂ ಎತ್ತಿಕೊಳ್ಳಲಿಲ್ಲ.

ಬಾಡಿದ ಹೊರೆಯನ್ನು ಹೊತ್ತುಕೊಂಡು ಮನೆಗೆ ಬರುವಾಗ ನಾನೇ ಕೂಗಾಡಿದೆ. "ಈ ಸಭೆ ನಿಂಗ್ಯಾಕೆ ಬೇಕು ಅತ್ತೆ? ಬೇರೆ ಕಡೆ ಹೋಗು."

ಅತ್ತೆ ನಿಂತಳು. "ಅದು ಅವ್ನ ಮನೆ ಅಲ್ಲ ಕಣಮ್ಮ, ನಮ್ಮಪ್ಪನ ಮನೆ. ಬಾಗಿಲಲ್ಲಿ ಯಾವನೋ ಅಡ್ಡ ನಿಂತ ಅಂತ ನಾನ್ಯಾಕೆ ತವರು ಬುಡ್ಲಿ?"

ಆ ಗರಿಗಳನ್ನು ಅವಳು ಒಣಗಿಸಿದಳು, ಸೀಳಿದಳು, ಪೊರಕೆ ಕಟ್ಟಿದಳು. ಮಾರಲಿಲ್ಲ. ಯಾರು ಕೇಳಿದರೂ "ಇವು ಆಗ್ಲೇ ಕೊಟ್ಬುಟ್ಟಿರೋವು" ಎನ್ನುತ್ತಿದ್ದಳು. ಯಾರಿಗೆ ಎಂದು ನನಗೂ ತಿಳಿಯಲಿಲ್ಲ.

ಮುಂದಿನ ವರ್ಷವೂ ಹಸಿ ಹೊರೆ ತಂದಳು. ಮತ್ತೆ ಬೇಡವೆಂದರು. ತೆಂಗಿನ ಗರಿಗಳ ಮೆರವಣಿಗೆ ಗೇಟು ದಾಟಿ ಬೀದಿಗೆ ಬಂತು. ನೋಡಿದರೆ ಎದುರಿಗೆ ಅತ್ತೆ. ಸೆರಗು ಸೊಂಟಕ್ಕೆ ಸಿಗಿಸಿ, ಹೋದ ವರ್ಷದ ಗರಿಯ ಪೊರಕೆ ಹಿಡಿದು, ಬೀದಿಯ ನಟ್ಟನಡುವೆ ಗುಡಿಸುತ್ತಿದ್ದಾಳೆ!

ಸೆಕ್ರೆಟರಿ ಓಡಿಬಂದು ಅರ್ಧ ತೆಲುಗಿನಲ್ಲೇ ಕೂಗಿದ. "ಪಕ್ಕಕು ಜರುಗಮ್ಮಾ! ಶುಭಮಾ ಅಂತ ಹೊರಟಾಗ ಎದುರಿಗೆ ಪರಕೇನಾ? ಅಪಶಕುನ!"

ಅತ್ತೆ ಸೊಂಟ ನೆಟ್ಟಗೆ ಮಾಡಿದಳು. "ಶಕುನ ನೋಡಾದು ಬುಟ್ಬುಟ್ಟೆ ಅಂತ ಹೋದ ವಾರ ಸಭೆ ಮುಂದೆ ಸಾಕ್ಷಿ ಹೇಳ್ದೋನು ನೀನೇ ಅಲ್ವೇನಪ್ಪಾ? ನನ್ನ ಸ್ವಾಮಿ ಬತ್ತಾವ್ನೆ. ದಾರಿ ಗುಡಿಸ್ತಾ ಇವ್ನಿ. ನೀವು ಹಿಂದೆ ಬನ್ನಿ."

ಟೀ ಅಂಗಡಿಯ ಮುಂದಿದ್ದವರು ಗೊಳ್ಳೆಂದು ನಕ್ಕರು. ಸೆಕ್ರೆಟರಿಯ ಮುಖ ಇಂಗು ತಿಂದ ಮಂಗನಂತಾಯಿತು. ಎಳೆದು ಹಾಕಿದರೆ ಊರ ಮುಂದೆ ಮಾನ ಹೋಗುತ್ತದೆ, ಬಿಟ್ಟರೆ ಪೊರಕೆಯ ಹಿಂದೆ ನಡೆಯಬೇಕು. ನಡೆದರು. ಹೊಸನ್ನ ಎಂದು ಸ್ವಾಮಿಗೆ ಜಯಕಾರ ಹಾಡಿಕೊಂಡು, ಅವಳ ಧೂಳು ಕುಡಿದುಕೊಂಡು, ಕಮಿಟಿಗೆ ಕಮಿಟಿಯೇ ಅವಳ ಹಿಂದೆ ನಡೆಯಿತು.

ಮಂಡಿ ಸೋಲುವವರೆಗೂ ಅವಳು ಇದನ್ನು ಬಿಡಲಿಲ್ಲ. ಪ್ರತಿ ಹಬ್ಬಕ್ಕೂ ಹಸಿ ಗರಿ ತಂದಳು, ಅವರು ಬೇಡವೆಂದರು, ಅದು ಮುಂದಿನ ಹಬ್ಬದ ಪೊರಕೆಯಾಯಿತು. ಅವರು ಸೋತು ಗರಿ ತೆಗೆದುಕೊಂಡರು ಎಂದು ಬರೆಯಲು ನನಗೂ ಆಸೆ. ತೆಗೆದುಕೊಳ್ಳಲಿಲ್ಲ. ಅವಳು ಸತ್ತಾಗ ಮಾತ್ರ ಅದೇ ಕಮಿಟಿ ಪೆಟ್ಟಿಗೆಯ ಮೇಲೆ ಇಷ್ಟು ದಪ್ಪದ ಹೂವಿನ ಹಾರ ಇಟ್ಟಿತು. ಆ ಹಾರವನ್ನು ಕಿತ್ತೆಸೆಯಬೇಕೆನಿಸಿತ್ತು...

ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಬಾಗಿಲಲ್ಲಿ ಹಿಡಿದು ಇದನ್ನೆಲ್ಲ ಹೇಳಿದೆ. ಒಳ್ಳೆಯ ಮನುಷ್ಯರೇ, ಪೂರ್ತಿ ಕೇಳಿದರು. ಕೊನೆಗೆ, "ಇಷ್ಟೆಲ್ಲ ಹೇಳಿದ್ರೆ ಜನಕ್ಕೆ ಬೇಜಾರಾಗ್ತದಲ್ಲಮ್ಮಾ. ಕೇಳಿದೋರಿಗೆ ಪ್ರೇರಣೆ ಬರ್ಬೇಕು, ಅಲ್ವಾ?" ಎಂದರು.

ಬಾಗಿಲ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಪ್ಲಾಸ್ಟಿಕ್ ಗರಿಗಳನ್ನು ವಾಪಸು ಹಾಕಬೇಕು, ಮುಂದಿನ ವರ್ಷಕ್ಕೂ ಅವೇ. ನನ್ನದನ್ನು ಹಾಕಿದೆ. ಕದದ ಹಿಂದೆ ಸವೆದ ಈಚಲ ಪೊರಕೆಯೊಂದು ನಿಂತಿತ್ತು. ಎತ್ತಿಕೊಂಡು ಮೂಸಿದೆ. ಬರೀ ಧೂಳು. ಆ ಹಸಿ ವಾಸನೆ ಇನ್ನೆಲ್ಲಿಂದ ಬರಬೇಕು? ಮುಳ್ಳು ಸವರಿ ಕೊಡುವ ಕೈಯೇ ಇಲ್ಲ.

ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಇಳಿದು ಹೋಗುತ್ತಿದ್ದ ಜನರ ಮುಂದೆಯೇ ಮೆಟ್ಟಿಲು ಗುಡಿಸತೊಡಗಿದೆ. ಎಲ್ಲರೂ ಪಕ್ಕಕ್ಕೆ ಸರಿದರು.

"ಎಂಥ ವಿನಯ ನೋಡಿ ಅಕ್ಕಂದು," ಎಂದಿತು ಹಿಂದಿನಿಂದ ಒಂದು ದನಿ.

"ವಿನಯ ಅಲ್ಲ ಕಣಪ್ಪ, ಸಿಟ್ಟು," ಎಂದೆ. "ಕಾಲು ತೆಗಿ."