ಮುಂದಕ್ಕೆ ಹೋದ ಸಭೆ

ಮೊನ್ನೆ ಶೇಂಗಾ ಚಟ್ನಿ ಅರೆಯುವಾಗ ಮಿಕ್ಸರ್ ಬಿಸಿಯಾಗಿ ಸುಟ್ಟ ಧೂಳಿನ ವಾಸನೆ ಬಂತು. ಸ್ವಿಚ್ ಆರಿಸಿದೆ. ಒಂದು ಕಾಲಕ್ಕೆ ಮುಂಡರಗಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಇದೇ ವಾಸನೆ. ಎರಡು ಮನೆ ಆಚೆ ಮೈಕಿನ ಕಾಕಾ ಆಟೋದ ಮೇಲೆ ಧ್ವನಿವರ್ಧಕದ ಭೋಂಗಾ ಕಟ್ಟಿ, ಹೊರಡುವ ಮುಂಚೆ ತನ್ನ ಹಳೆಯ ಆಂಪ್ಲಿಫೈಯರ್ ಹಚ್ಚಿ ಬಿಸಿಯಾಗಲು ಬಿಡುತ್ತಿದ್ದ...

ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವನು ಕಾಕಾ. ಯಾರಾದರೂ ತೀರಿಕೊಂಡರೆ, ನಳದ ನೀರು ಬಿಡುವ ಹೊತ್ತು ಬದಲಾದರೆ, ಎಮ್ಮೆ ತಪ್ಪಿಸಿಕೊಂಡರೆ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಸುದ್ದಿ ಅವನ ಬಾಯಿಂದಲೇ ಹೋಗಬೇಕು. ಮನೆಯಲ್ಲಿ ಅಪ್ಪಟ ನಮ್ಮ ಮಾತು. ಮೈಕ್ ಹಿಡಿದನೋ, 'ನಾಗರಿಕ ಬಂಧುಗಳೇ' ಎಂದು ಪುಸ್ತಕದ ಕನ್ನಡ. ಒಮ್ಮೆ ಮೈಕ್ ಆರಿಸುವುದನ್ನು ಮರೆತು, "ಏ, ಜುಣಕಕ್ಕ ಉಪ್ಪ ಹಾಕಿಯೋ ಇಲ್ಲೋ?" ಎಂದು ಹೆಂಡತಿ ಕಾಕುವನ್ನು ಕೇಳಿದ್ದು ಇಡೀ ಓಣಿಗೆ ಕೇಳಿಸಿತ್ತು. ಮುಂದೆ ಎಷ್ಟೋ ದಿನ ಹೆಂಗಸರೆಲ್ಲ ಕಾಕುವಿಗೆ ಉಪ್ಪಿನ ವಿಚಾರವನ್ನೇ ಕೇಳಿ ಕಾಡಿದೆವು.

ಗುಡ್ಡದ ಹೋರಾಟ ಶುರುವಾದದ್ದು ಆಮೇಲೆ. ಊರ ಪಡುವಣದ ಗುಡ್ಡವನ್ನು ಅದಿರಿಗೆಂದು ಅಗೆಯಲು ಒಂದು ಕಂಪನಿ ಅರ್ಜಿ ಹಾಕಿತ್ತು. ಬುಡದ ಹಳ್ಳಿಗಳ ಕುರಿಗಳಿಗೆ ಅಲ್ಲೇ ಮೇವು, ಹಳ್ಳಕ್ಕೆ ಅಲ್ಲಿಂದಲೇ ನೀರು. ಮೊದಲೇ ಮಳೆಯ ನೆಚ್ಚಿಕೆ ಇಲ್ಲ, ಗುಡ್ಡವೂ ಹೋದರೆ ಬದುಕುವುದು ಹೇಗೆ ಎಂದು ಜನ ಎದ್ದರು. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರದಿಂದಲೂ ಬಂದು ಕೂಡಿಕೊಂಡರು. ಹೋರಾಟ ಸಮಿತಿಯ ಸುದ್ದಿಯನ್ನು ಕಾಕಾ ಬಾಡಿಗೆ ಇಲ್ಲದೆ ಸಾರಿದ. ಧರಣಿಯಿರಲಿ, ಪಾದಯಾತ್ರೆಯಿರಲಿ, ಅವನ ಆಟೋ ಮುಂದೆ. ಬರಬರುತ್ತ ಹೋರಾಟದ ದನಿ ಎಂದರೆ ಅವನ ದನಿಯೇ ಆಗಿಹೋಯಿತು.

ಸರಕಾರ ಅಹವಾಲು ಸಭೆ ಗೊತ್ತು ಮಾಡಿತು. ಗುಡ್ಡ ಅಗೆಯಬೇಕೋ ಬೇಡವೋ ಎಂದು ಜನರೇ ಅಧಿಕಾರಿಗಳ ಮುಂದೆ ನಿಂತು ಹೇಳುವ ದಿನ. ಹಳ್ಳಿಗಳಲ್ಲಿ ಟ್ರ್ಯಾಕ್ಟರುಗಳು ಸಜ್ಜಾದವು, ಹೆಂಗಸರು ಬುತ್ತಿಗೆ ರೊಟ್ಟಿ ಬಡಿದಿಟ್ಟರು.

ಹಿಂದಿನ ದಿನ ಮಧ್ಯಾಹ್ನ ಇಬ್ಬರು ಬೈಕಿನಲ್ಲಿ ಬಂದು ಕಾಕಾನ ಬಾಗಿಲಲ್ಲಿ ನಿಂತರು. ನಾನು ನಮ್ಮ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ.

"ನಾಳಿನ ಸಭಿ ಮುಂದಕ್ಕ ಹೋಗೇತ್ರಿ. ಮಂದಿ ಸುಮ್ನ ಬಂದು ಹೊಳ್ಳಿ ಹೋಗೂದು ಬ್ಯಾಡ. ಜಲ್ದಿ ದವಂಡಿ ಹಾಕ್ರಿ" ಅಂದರು.

ಸಮಿತಿಯವರೇ ಕಳಿಸಿರಬೇಕು ಅಂದುಕೊಂಡ ಕಾಕಾ. ಯಾರು ನೀವು ಎಂದು ಕೇಳಲಿಲ್ಲ. ಸಾವಿನ ಸುದ್ದಿ ತಂದವರನ್ನು ಯಾರಾದರೂ ಗುರುತು ಕೇಳುತ್ತಾರೆಯೇ? ಬಂದ ಸುದ್ದಿಯನ್ನು ಬೇಗ ಮುಟ್ಟಿಸಬೇಕು, ಅವನ ಕಸುಬಿಗೆ ಗೊತ್ತಿದ್ದದ್ದು ಅಷ್ಟೇ. ಉಣ್ಣುವ ತಾಟು ಬಿಟ್ಟು ಎದ್ದ. ಕತ್ತಲಾಗುವುದರೊಳಗೆ ಗುಡ್ಡದ ಬುಡದ ಒಂದು ಹಟ್ಟಿಯನ್ನೂ ಬಿಡದೆ ದವಂಡಿ ಸಾರಿ ಬಂದ. ಸಮಿತಿಯ ಹಿರಿಯರು ಅಂದು ಗದಗಿನಲ್ಲಿ ವಕೀಲರ ಹತ್ತಿರ ಇದ್ದರು. ಅವರಿಗೆ ಖಬರು ಹತ್ತುವಷ್ಟರಲ್ಲಿ ಬೆಳಗಾಗಿ, ಸಭೆ ಶುರುವಾಗಿತ್ತು.

ಹಳ್ಳಿಗಳಿಂದ ಯಾರೂ ಬಂದಿರಲಿಲ್ಲ; ಕಂಪನಿ ಎಲ್ಲಿಂದಲೋ ಬಸ್ಸಿನಲ್ಲಿ ತಂದ ಮಂದಿ ಕೈ ಎತ್ತಿದರು. ವಿರೋಧವಿಲ್ಲ ಎಂದು ಬರೆದುಕೊಂಡ ಅಧಿಕಾರಿಗಳು ಊಟದ ಹೊತ್ತಿಗೆ ಎದ್ದು ಹೋದರು.

ಆ ಇಬ್ಬರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವರ ಮೇಲಿನ ನನ್ನ ಸಿಟ್ಟೂ ಇಳಿದಿಲ್ಲ. ಕಾಕಾನನ್ನು ಮಾತ್ರ ಯಾರೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಭೋಂಗಾ ಇಳಿಸಿ ಮಂಚದ ಕೆಳಗೆ ನೂಕಿದ. ಮನೆಯಲ್ಲೂ ಪಿಸುಮಾತು ಆಡತೊಡಗಿದ, ಕಾಕು ಹತ್ತಿರ ಹೋಗಿ ಕಿವಿ ಕೊಡಬೇಕಿತ್ತು. ಆದರೆ ನನಗೆ ಆ ಸಂಜೆಯ ದವಂಡಿ ಆಮೇಲೂ ಎಷ್ಟೋ ಸಂಜೆ ಕೇಳಿಸುತ್ತಿತ್ತು... ಗುಡ್ಡದ ಕಡೆಯಿಂದ, ನಮ್ಮ ಓಣಿಯ ಕಡೆಗೆ ಬರುತ್ತಿರುವ ಹಾಗೆ. ಎದ್ದು ಬಾಗಿಲಿಗೆ ಹೋದರೆ ಆಟೋ ಕಾಕಾನ ಬಾಗಿಲಲ್ಲೇ ನಿಂತಿರುತ್ತಿತ್ತು. ಒಳಗೆ ಬಂದು ಎಲ್ಲ ಲೈಟೂ ಹಾಕಿ ಕೂರುತ್ತಿದ್ದೆ.

ಕೊನೆಗೆ ಕಾಕಾ ನಡೆದುಕೊಂಡೇ ಹೊರಟ. ಹಳ್ಳಿಹಳ್ಳಿಗೆ, ಮನೆಮನೆಗೆ.

"ಇಂಥಾ ಬಿಸಲಾಗ ಎಲ್ಲಿಗೆ ಹೊಂಟೀ ಕಾಕಾ?" ಎಂದು ಕೇಳಿದೆ.

"ನನ್ನ ದನೀಲೆ ಸುಳ್ಳ ಹೇಳಿಸ್ಯಾರವ್ವಾ" ಎಂದ, ಅದೇ ಪಿಸುದನಿಯಲ್ಲಿ. "ಒಬ್ಬೊಬ್ಬರಿಗೂ ಖರೆ ಹೇಳಿ ಬರಬೇಕು."

ಸಮಿತಿ ಕೋರ್ಟಿಗೆ ಹೋಯಿತು. ಕೇಸು ಇನ್ನೂ ನಡೆದಿದೆ, ಅಗೆತವೂ ನಡೆದಿದೆ. ಧರಣಿಯ ಡೇರೆಗೆ ಬಂದರೂ ಕಾಕಾ ಹಿಂದೆ ಕೂತು ಎದ್ದು ಹೋಗುತ್ತಿದ್ದ, ಮೈಕ್ ಮುಟ್ಟಲಿಲ್ಲ. ಎಲ್ಲ ಹಳ್ಳಿ ಮುಗಿಸುವ ಮೊದಲೇ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಅವನು ತೀರಿಕೊಂಡ ಸುದ್ದಿ ಫೋನಿನಿಂದ ಫೋನಿಗೆ ಹೋಯಿತು.

ನಿನ್ನೆ ಗುಡ್ಡದ ಬುಡದ ಒಂದು ಹಟ್ಟಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಗುಡ್ಡದ ಒಂದು ಮಗ್ಗುಲು ಈಗ ಇಲ್ಲ. ನಾನು ಮುಂಡರಗಿಯವಳು ಎಂದು ತಿಳಿದದ್ದೇ, ಕುರಿ ಕಾಯುವ ಮುದುಕಿಯೊಬ್ಬಳು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ನಿಮ್ಮೂರ ಮೈಕಿನವ ಆರಾಮ ಅದಾನೇನವ್ವಾ? ಸಭಿ ಮುಂದಕ್ಕ ಹೋಗೇತಿ, ತಾರೀಖ ನಾನ ಬಂದು ಹೇಳ್ತೀನಿ ಅಂದಿದ್ದ. ಇನ್ನೂ ಬರಲಿಲ್ಲ ನೋಡು."

ಗುಡ್ಡದ ಕಡೆ ಮದ್ದು ಸಿಡಿಯಿತು. ತೊಟ್ಟಿಲ ಕೂಸು ಬೆಚ್ಚಿ ಅತ್ತಿತು.

"ಅಗಿಯಾಕತ್ತಾರ, ಗೊತ್ತೈತಿ" ಎಂದಳು ಮುದುಕಿ. "ಆದ್ರ ನಮ್ಮನ್ನ ಇನ್ನೂ ಕೇಳಿಲ್ಲಲ್ಲ. ನಾ ಹೇಳೂದು ಕೇಳಿದ್ರ ನಿಲ್ಲಸ್ತಾರ."

"ಏನ್ ಹೇಳಾಕಿ ಆಯಿ?"

ಅವಳು ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡು ನನಗೆ ಕೈಮುಗಿದು, "ಸಾಹೇಬ್ರ, ನಾ ಈ ಗುಡ್ಡದಾಗ ಹುಟ್ಟಿದಾಕಿ..." ಎಂದು ಶುರು ಮಾಡಿದಳು. ಎಲ್ಲೂ ತಡವರಿಸದೆ ಕೊನೆಯವರೆಗೂ ಹೇಳಿದಳು. ಎಷ್ಟು ಸಲ ಒಬ್ಬಳೇ ಹೇಳಿ ರೂಢಿ ಮಾಡಿಕೊಂಡಿದ್ದಳೋ...

"ಇಷ್ಟ ನೋಡವ್ವಾ. ತಾರೀಖ ಬಂದ ಕೂಡ್ಲೇ ಹೇಳಾಕ ಮರೀಬ್ಯಾಡ ಅನ್ನು ಅವಗ."

ಅವನು ಸತ್ತ ಸುದ್ದಿಯನ್ನಾಗಲಿ, ಸಭೆ ಎಂದೋ ಮುಗಿದುಹೋದ ಸುದ್ದಿಯನ್ನಾಗಲಿ ನಾನು ಹೇಳಲಿಲ್ಲ. ಹೂಂ ಅಂದೆ. ಕಾಕಾ ಅಳಿಸಿಹಾಕಲು ಊರೂರು ನಡೆದ ಸುಳ್ಳನ್ನು ನಾನು ಮತ್ತೊಮ್ಮೆ ಹೇಳಿ ಬಂದೆ.