ಹಳದಿ ಹತ್ತಿ

ಇವತ್ತ ಮುಂಜಾನೆ ಒಬ್ಬಾಕಿ ಮುಂಗೈಯನ್ನ ಸ್ಪಿರಿಟ್ ಹತ್ತಿಯಿಂದ ಒರಸಿದೆ. ಹತ್ತಿಗೆ ಅರಿಷಿಣ ಹತ್ತಿತು. ಆ ವಾಸನಿ ಮೂಗಿಗೆ ಬಡದದ್ದs ತಡ, ನಮ್ಮ ದವಾಖಾನಿಯ ಅಕ್ಕಾರು ಬಾಜೂಕ ಬಂದು ನಿಂತಂಗಾತು...

ನಾ ಧಾರವಾಡದ ಚರ್ಮದ ದವಾಖಾನಿ ಸೇರಿದಾಗ ಫೋಟೋ ಖೋಲಿ ಅವರ ಕೈಯಾಗಿತ್ತು. ತೊನ್ನಿನ ಬಿಳಿ ಮಚ್ಚಿ ಇದ್ದವರ ಮೈಮ್ಯಾಲೆ ನೀಲಿ, ಹಸರು, ಕೆಂಪು ಬೆಳಕು ಒಂದೊಂದಾಗಿ ಬಿಟ್ಟು ಕ್ಯಾಮೆರಾದಾಗ ಹಿಡೀತಿದ್ವಿ. ತೊಗಲಿನಾಗ ಬಣ್ಣ ಎಷ್ಟು ತಿರುಗಿ ಬಂದೈತಿ ಅಂತ ಕಂಪ್ಯೂಟರ್ ತೋರಸ್ತಿತ್ತು. ನಾ ಎಂ.ಎಸ್ಸಿ. ಮಾಡಿದಾಕಿ, ಅವರದು ಬರೇ ಪಿಯುಸಿ. ಆದ್ರ ನನ್ನ ಮುಂದ ಸೆರಗು ಎಳಕೊಳ್ಳೋ ಹೆಣ್ಣಮಕ್ಕಳು ಅವರ ಮುಂದ ತಾವಾಗೇ ತೋಳು ಚಾಚ್ತಿದ್ರು. ಡಾಕ್ಟರೂ ಎಲ್ಲಾದಕ್ಕೂ "ಅಕ್ಕಾರನ್ನ ಕೇಳು" ಅಂತಿದ್ರು. ಖರೇ ಹೇಳ್ತೇನಿ, ಅವರ ಊಟದ ಡಬ್ಬಿ ಕಂಡ್ರೂ ನನಗ ಹೊಟ್ಟಿ ಉರೀತಿತ್ತು.

ನಮ್ಮ ಕಡೆ ಹೆಣ್ಣಮಕ್ಕಳ ಕೈಯಾಗ ಅರಿಷಿಣ ಇದ್ದs ಇರತೈತಿ. ಕ್ಯಾಮೆರಾ ಅದನ್ನ ಮೈಬಣ್ಣ ಅಂತ ತಿಳಕೋತೈತಿ. ಅದಕ್ಕ ಅಕ್ಕಾರು ಒರಸಿದ ಹತ್ತಿಯನ್ನ ಕಿಡಕಿ ಬೆಳಕಿಗೆ ಹಿಡದು, ಅದು ಬೆಳ್ಳಗ ಉಳಿಯೋತನಕ ಒರಸ್ತಿದ್ರು.

ಒಂದಿನ ಹೆಬ್ಬಳ್ಳಿಯ ಒಬ್ಬ ಹುಡುಗಿ, ತನ್ನ ಅಕ್ಕನ ಮದವಿಯ ಅರಿಷಿಣದ ಶಾಸ್ತ್ರ ಮುಗಿಸಿ ಸೀದಾ ಬಂದ್ಲು. ಗದ್ದಲ ಭಾಳ ಇತ್ತು. "ನೀ ಒರಸ ತಂಗಿ, ನಾ ಕ್ಯಾಮೆರಾ ನೋಡ್ತೇನಿ" ಅಂದ್ರು ಅಕ್ಕಾರು. ಒರಸಿದೆ. ಹತ್ತಿ ಹಳದಿ ಆತು. "ಸ್ವಚ್ಛ ಐತ್ರಿ" ಅಂದು ಬುಟ್ಟ್ಯಾಗ ಒಗದೆ. ಒಂದು ಸಲನಾದ್ರೂ ಇವರು ತಪ್ಪಲಿ ಅನಿಸಿತ್ತು.

ಫೋಟೋದಾಗ ಮಚ್ಚಿಗೆ ಬಣ್ಣ ಬಂದಂಗ ಕಂಡಿತು. "ಮದವ್ಯಾಗ ಗಿಡ್ಡ ತೋಳಿನ ಜಂಪರ ಹಾಕ್ಕೋತೇನ್ರಿ" ಅಂತ ಹುಡುಗಿ ಅಕ್ಕಾರ ಕಾಲಿಗೆ ಬಿದ್ಲು. ಅದಕ್ಕೂ ನನ್ನ ಹೊಟ್ಟಿ ಉರೀತು.

ಹದಿನೈದು ದಿನಕ್ಕ ಅತ್ಗೋತ ಬಂದ್ಲು. ಮದವ್ಯಾಗ ಮಂದಿ ಆಕಿ ತೋಳು ನೋಡಿ ಏನೇನೋ ಆಡಿದ್ರಂತ. ಮತ್ತ ಫೋಟೋ ತೆಗದ್ರ ಮಚ್ಚಿ ಇದ್ದಂಗs ಇತ್ತು. ಅವತ್ತ ಒರಸಿದಾಕಿ ಯಾರು ಅಂತ ಡಾಕ್ಟರು ಸಿಟ್ಟಿಗೆದ್ರು. ನಾ ಕ್ಯಾಮೆರಾ ಒರಸ್ಕೋತ ನಿಂತೆ.

"ನಾನs ರಿ" ಅಂದ್ರು ಅಕ್ಕಾರು.

ಅವರನ್ನ ಚೀಟಿ ಬರಿಯೋ ಟೇಬಲ್ಲಿಗೆ ಹಾಕಿದ್ರು. ಅಕ್ಕಾರು ಖೋಲಿ ಕೀಲಿ ನನ್ನ ಕೈಯಾಗಿಟ್ಟು, "ಹತ್ತಿ ನೋಡವಾ" ಅಂದ್ರು, ಅಷ್ಟs. ಹುಡುಗಿ ಮತ್ತ ಬರಲಿಲ್ಲ.

ಹೋದ ವರ್ಷ ಅಕ್ಕಾರು ಗೋಪನಕೊಪ್ಪದ ಮನ್ಯಾಗ ತೀರಕೊಂಡ್ರು. ಮಣ್ಣಿಗೆ ಹೋಗಾಕ ನನಗ ಮುಖ ಇರಲಿಲ್ಲ... ತಪ್ಪಾತು ಅನ್ನಾಕ ಈಗ ಅವರಿಲ್ಲ.

ಇವತ್ತ ಹತ್ತಿ ನಾಕು ಸಲ ಬದಲಿಸಿ ಕಿಡಕಿಗೆ ಹಿಡದೆ. ಬೆಳ್ಳಗಿತ್ತು. ಆ ಹೆಣ್ಣಮಗಳು ಸೆರಗು ಎಳಕೊಂಡು ಕೇಳಿದ್ಲು: "ಮೊದಲ ಒಬ್ರು ಅಕ್ಕಾರು ಇದ್ರಲ್ರಿ, ಅವರು ಬರೂದಿಲ್ಲೇನ್ರಿ?"

ಖೋಲಿ ನಂದಾಗಿ ಏಳು ವರ್ಷ ಆತು. ಸತ್ತವರ ಮ್ಯಾಲೆ ಇವತ್ತೂ ಹೊಟ್ಟಿ ಉರೀತು.