ಪೋರೂರಿನಿಂದ ಬಂದ ಬೋಳು ಗಿನಿಪಿಗ್‌ಗಳು

ನನ್ನ ಹೆಂಡತಿಯ ತಮ್ಮ ಬುಟ್ಟಿಯ ಮೇಲಿನ ಟವೆಲನ್ನು ಸರಿಸಿದಾಗ ನಾನು ಬೆಚ್ಚಿ ಹಿಂದೆ ಸರಿದು ಸೋಫಾದ ಕೈಗೆ ತಗುಲಿಕೊಂಡೆ. ಗಿನಿಪಿಗ್ ತರುತ್ತೇನೆಂದು ಹೇಳಿದ್ದ, ಅಪರೂಪದ ತಳಿ ಎಂದೂ ಹೇಳಿದ್ದ. ಅಪರೂಪವೆಂದರೆ ಗುಂಗುರು ಕೂದಲಿರಬಹುದು, ಬಣ್ಣ ಬೇರೆಯಿರಬಹುದು ಎಂದು ನಾನು ಊಹಿಸಿದ್ದೆ. ಬುಟ್ಟಿಯಲ್ಲಿ ಕುಳಿತಿದ್ದವು ರೋಮವೇ ಇಲ್ಲದ ಎರಡು ಪ್ರಾಣಿಗಳು. ಮೂತಿಯ ಮೇಲೆ ಒಂದಿಷ್ಟು ಕುರುಚಲು ಕೂದಲು. ಉಳಿದದ್ದೆಲ್ಲ ಕತ್ತಿನ ಬಳಿ ಮಡಿಕೆ ಬಿದ್ದ, ನಸುಗೆಂಪಿನ ಬರಿಯ ಚರ್ಮ. ಅದರೊಳಗೆ ಉಸಿರಾಡುವುದು ಕೂಡ ಕಾಣಿಸುತ್ತಿತ್ತು.

“ಇದೇನೋ ಇದು? ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವಾ?” ಎಂದಳು ನನ್ನ ಹೆಂಡತಿ.

“ತಳೀನೇ ಹಾಗೆ ಅಕ್ಕ. ಹುಟ್ಟೋದೇ ಹೀಗೆ. ಮುಟ್ಟಿ ನೋಡು, ಎಷ್ಟು ಬೆಚ್ಚಗಿದೆ.”

“ನೀನೇ ಮುಟ್ಟು. ನಂಗೆ ಈಗ ತಾನೆ ಸ್ನಾನ ಆಗಿದೆ.”

ಇಂಥ ಪ್ರಾಣಿಗಳು ಚೆನ್ನೈಯ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಮನೆಗೆ ಬರಬೇಕಾದ ಪ್ರಸಂಗವನ್ನು ಹೇಳಬೇಕು. ಮೊಮ್ಮಗಳು ಹಾಸ್ಟೆಲಿಗೆ ಸೇರುವಾಗ ತನ್ನ ಎರಡು ಗಂಡು ಗಿನಿಪಿಗ್‌ಗಳನ್ನು ಸ್ವಲ್ಪ ಕಾಲದ ಮಟ್ಟಿಗೆ ಎಂದು ನಮ್ಮಲ್ಲಿ ಬಿಟ್ಟು ಹೋದಳು. ಅನಂತರ ಆ ಮಾತನ್ನು ಯಾರೂ ಎತ್ತಲಿಲ್ಲ. ಒಪ್ಪಿಕೊಂಡ ಮೇಲೆ ಅರ್ಧಂಬರ್ಧ ಮಾಡುವುದು ನನ್ನ ಸ್ವಭಾವವಲ್ಲ. ಪ್ರತಿದಿನ ಬೆಳಿಗ್ಗೆ ಪಿಳ್ಳೆಯಾರ್ ಗುಡಿಯ ಮುಂದೆ ಗರಿಕೆ ಮಾರುವ ಹೆಂಗಸಿನಿಂದ ದೊಡ್ಡ ಕಟ್ಟುಗಳನ್ನು ಕೊಳ್ಳುತ್ತಿದ್ದೆ. ಗಣಪತಿಯ ಮೇಲೆ ನನಗೆ ಅಪಾರ ಭಕ್ತಿಯೆಂದು ಆಕೆ ಇವತ್ತಿಗೂ ನಂಬಿದ್ದಾಳೆ. ವಯಸ್ಸಾಗಿ ಎರಡರಲ್ಲಿ ಒಂದು ಸತ್ತುಹೋಯಿತು. ಉಳಿದದ್ದು, ನಾವು ಹಿರಿಯ ಎಂದು ಕರೆಯುತ್ತಿದ್ದ ಕಂದು ಬಿಳಿ ಬಣ್ಣದ್ದು, ಗರಿಕೆಯನ್ನು ಮೂಸಿ ಮುಖ ತಿರುಗಿಸತೊಡಗಿತು. ಈ ಜಾತಿ ಒಂಟಿಯಾಗಿ ಬದುಕುವಂಥದ್ದಲ್ಲ, ಜೊತೆ ಸಿಗದಿದ್ದರೆ ಹೀಗೇ ಸೊರಗಿ ಹೋಗುತ್ತದೆ ಎಂದು ಪಶುವೈದ್ಯರು ಹೇಳಿದರು. ನನ್ನ ಬಾಮೈದ ನಿವೃತ್ತನಾದ ಮೇಲೆ ಪೋರೂರಿನ ಫ್ಲಾಟಿನಲ್ಲಿ ಒಂದು ಕೋಣೆಯನ್ನೇ ಈ ಪ್ರಾಣಿಗಳಿಗೆ ಬಿಟ್ಟುಕೊಟ್ಟಿದ್ದಾನೆ. ಅವನನ್ನು ಕೇಳುವುದು ನನಗೆ ಇಷ್ಟವಿರಲಿಲ್ಲ. ಹೆಂಡತಿ ಕೇಳಿದಳು.

ಅವನು ತನ್ನ ಷರತ್ತನ್ನು ಮೊದಲೇ ಹೇಳಿದ. “ಗಂಡುಗಳು ಭಾವ, ಯಾರು ಮೇಲು ಅಂತ ಅವೇ ತೀರ್ಮಾನ ಮಾಡ್ಕೋಬೇಕು. ರಕ್ತ ಬಂದ್ರೆ ಮಾತ್ರ ಬಿಡಿಸೋದು. ಸಾಯಂಕಾಲದೊಳಗೆ ಹೊಂದ್ಕೊಂಡ್ರೆ ಬಿಟ್ಟು ಹೋಗ್ತೀನಿ. ಇಲ್ದಿದ್ರೆ ವಾಪಸ್ ತೊಗೊಂಡು ಹೋಗ್ತೀನಿ. ಸುಮ್ನೆ ಕಾಟ ಕೊಟ್ರೆ ನಿಮ್ಮ ಹಿರಿಯ ತಿನ್ನೋ ಅಷ್ಟನ್ನೂ ನಿಲ್ಲಿಸಿಬಿಡುತ್ತೆ.” ಆಮೇಲೆ ಸುತ್ತ ನೋಡಿ, “ನಿಮ್ಮ ಹಾಲ್ ಚಿಕ್ಕದಾದ್ರೂ ಅಡ್ಜಸ್ಟ್ ಮಾಡ್ಕೋಬಹುದು” ಎಂದ. ಆ ಮಾತನ್ನು ಆ ಕ್ಷಣಕ್ಕೆ ಬಿಟ್ಟುಬಿಟ್ಟೆ. ಮರೆತೆನೆಂದು ಯಾರೂ ಭಾವಿಸಬೇಕಾಗಿಲ್ಲ.

ಹಿರಿಯನ ಗೂಡಿಗೇ ಹೊಸಬರನ್ನು ಬಿಡಬಾರದು, ಯಾರದೂ ಅಲ್ಲದ ಜಾಗ ಬೇಕು ಎಂದಿದ್ದ. ಅದರಂತೆ ನಾನು ಹಾಲ್‌ನ ನೆಲವನ್ನು ಒರೆಸಿ, ಮೇಲೆ ಒಗೆದ ಹೊದಿಕೆಯನ್ನು ಸುಕ್ಕಿಲ್ಲದಂತೆ ಹಾಸಿ, ಗರಿಕೆಯನ್ನು ಮೂರು ಸಮಪಾಲು ಮಾಡಿ ಒಂದಕ್ಕೊಂದು ದೂರವಿಟ್ಟಿದ್ದೆ. ಹಿರಿಯನನ್ನು ಮೊದಲು ಕೆಳಗೆ ಬಿಟ್ಟೆ. ಅದು ಅದರ ಹಕ್ಕು. ಅನಂತರ ಬಾಮೈದ ಅಣ್ಣತಮ್ಮಂದಿರಾದ ಆ ಎರಡು ಬೋಳು ಮರಿಗಳನ್ನು ಬಿಟ್ಟ.

ಒಂದು ಮರಿ ಗರಿಕೆಯ ಕಡೆಗೆ ಹೋಯಿತು. ಇನ್ನೊಂದು, ಬೆನ್ನಿನ ಮೇಲೆ ಕಪ್ಪು ಮಚ್ಚೆಯಿದ್ದದ್ದು, ನೇರವಾಗಿ ಹಿರಿಯನ ಎದುರಿಗೆ ಬಂದು ನಿಂತಿತು. ಹಿರಿಯ ಗದ್ದವನ್ನೆತ್ತಿತು. ಮರಿ ಅದಕ್ಕಿಂತ ಎತ್ತರಕ್ಕೆ ಗದ್ದವನ್ನೆತ್ತಿತು. ಹಿರಿಯ ಹಲ್ಲು ಕಟಕಟಿಸಿತು. ಆ ಮರಿಯೋ, ಗಂಟಲಿನಲ್ಲಿ ಮೋಟಾರಿನಂತೆ ಗುರುಗುಟ್ಟುತ್ತ, ಸೊಂಟವನ್ನು ಅತ್ತಿತ್ತ ತೂಗುತ್ತ, ಹಿರಿಯನ ಸುತ್ತ ಮೆರವಣಿಗೆ ಹೊರಟಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆಯೇ ಹಿಂದಿನಿಂದ ಹೋಗಿ ಅದರ ಬೆನ್ನೇರಿಬಿಟ್ಟಿತು.

“ರಾಮ ರಾಮಾ!” ಎಂದು ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಎರಡೂ ಗಂಡಲ್ಲವೇನೋ?”

“ಅದು ಅದಲ್ಲ ಅಕ್ಕ. ನಾನು ದೊಡ್ಡವನು ಅಂತ ಹೇಳೋ ರೀತಿ ಅಷ್ಟೆ.”

ನಿನ್ನೆ ಮೊನ್ನೆ ಹುಟ್ಟಿದ್ದು, ಮೈಮೇಲೆ ಕೂದಲಿಲ್ಲದ್ದು, ಹಿರಿಯನಿಗೆ ಹೀಗೆ ಹೇಳುವುದೇ? ನಾನು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಹಳೆಯ ರಟ್ಟನ್ನು ಇಬ್ಬರ ನಡುವೆ ಇಳಿಸಿ, ಹಿರಿಯನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸಮಾಧಾನವಾದ ಮೇಲೆ ಕೆಳಗೆ ಬಿಟ್ಟರೆ ಮತ್ತೆ ಅದೇ ಗದ್ದ, ಅದೇ ಗುರುಗುಟ್ಟು, ಅದೇ ಅಪಚಾರ. ನಾನು ಮತ್ತೆ ರಟ್ಟು ಇಳಿಸಿದೆ. ಮಧ್ಯಾಹ್ನವೆಲ್ಲ ಹೀಗೆಯೇ ಕಳೆಯಿತು. ಹಿರಿಯ ಒಂದೆಳೆ ಗರಿಕೆಯನ್ನೂ ಮುಟ್ಟಲಿಲ್ಲ.

ಮೊಮ್ಮಗಳು ವಿಡಿಯೋ ಕಾಲ್ ಮಾಡಿದಳು. ನಾವು ಕನ್ನಡದಲ್ಲಿ ಮಾತಾಡುತ್ತೇವೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ, ಅದು ರೂಢಿಯಾಗಿಹೋಗಿದೆ. ನನ್ನ ಕೈಯಲ್ಲಿದ್ದ ರಟ್ಟನ್ನು ಕಂಡದ್ದೇ “ಪಿರಿಕ್ಕಾದೀಂಗ ತಾತಾ!” ಎಂದು ಕಿರುಚಿದಳು. ಬಿಡಿಸಬೇಡಿ ಎಂದರ್ಥ. ದೂರದಲ್ಲಿ ಕುಳಿತು ಹೇಳುವುದು ಸುಲಭ ಎಂದು ನಾನು ಫೋನನ್ನು ಅಜ್ಜಿಗೆ ಕೊಟ್ಟೆ.

ಬಾಮೈದನ ತಾಳ್ಮೆ ಮುಗಿಯಿತು. “ಭಾವ, ನೀವು ಒಂದೊಂದು ಸಲ ಎತ್ತಿದಾಗಲೂ ಅವು ಮೊದಲಿಂದ ಶುರು ಮಾಡ್ಬೇಕು. ಯಾವುದಾದ್ರೂ ಒಂದು ತಲೆ ತಗ್ಗಿಸೋವರೆಗೂ ಮುಗಿಯೋಲ್ಲ. ತಗ್ಗಿಸೋಕೆ ನೀವೇ ಬಿಡ್ತಿಲ್ಲ.”

“ಹಿರಿಯ ಯಾಕೆ ತಲೆ ತಗ್ಗಿಸಬೇಕು? ಇದು ಅದರ ಮನೆ.”

“ಹಿರಿಯ ಕಿರಿಯ ಎಲ್ಲ ನಮಗೆ ಭಾವ. ಅವಕ್ಕೇನು?”

“ನಿನಗೆ ಆ ಹಿರಿಯ ಕಿರಿಯ ಎಂಬುದು ಎಂದೂ ಇರಲಿಲ್ಲವಲ್ಲ,” ಎಂದೆ. ನನ್ನ ಧ್ವನಿ ಏರಿತ್ತು. “ಇದ್ದಿದ್ದರೆ ನಿನ್ನ ಗೃಹಪ್ರವೇಶದ ಊಟದಲ್ಲಿ ಎಲೆಯ ಮುಂದೆ ಕುಳಿತವನನ್ನು ಭುಜ ಮುಟ್ಟಿ ಎಬ್ಬಿಸುತ್ತಿರಲಿಲ್ಲ.”

ಅವನು ನನ್ನನ್ನೇ ನೋಡಿದ. ನಾನು ಒಂದನ್ನೂ ಬಿಡದೆ ಹೇಳಿದೆ. ಆ ಮನೆಯ ಹಿರಿಯ ಅಳಿಯನಾದ ನಾನು ಮೊದಲ ಪಂಕ್ತಿಯಲ್ಲಿ ಕುಳಿತಾಗಿತ್ತು. ಎಲೆಗೆ ನೀರು ಚಿಮುಕಿಸಿ ಒರೆಸಿಯೂ ಆಗಿತ್ತು. ಇವನು ಬಂದು, ನೀವು ಮನೆಯವರೇ ಅಲ್ವಾ ಭಾವ, ಆಫೀಸಿನವರು ಬಂದಿದ್ದಾರೆ, ನೀವು ಎರಡನೇ ಪಂಕ್ತಿಗೆ ಕೂತ್ಕೋಬಹುದಲ್ಲ ಎಂದ. ನಾನು ಎದ್ದೆ. ಎರಡನೇ ಪಂಕ್ತಿಯ ಹೊತ್ತಿಗೆ ಹೋಳಿಗೆ ಮುಗಿದುಹೋಗಿ ಅಂಗಡಿಯ ಲಾಡು ಬಡಿಸಿದರು.

“ಯಾವಾಗ ಭಾವ?” ಎಂದ ಅವನು. “ಸತ್ಯವಾಗಿ ಹೇಳ್ತೀನಿ, ನಂಗೆ ನೆನಪೇ ಇಲ್ಲ.”

ಅವನು ಬೇಕೆಂದೇ ಮಾಡಿದನೆಂದು ಇಷ್ಟು ವರ್ಷ ನಂಬಿದ್ದೆ. ಅದನ್ನು ನೆನೆದು ಅವನು ಒಳಗೊಳಗೇ ಬೀಗುತ್ತಿರಬಹುದು, ಇಲ್ಲವೆ ನಾಚುತ್ತಿರಬಹುದು ಎಂದೂ ನಂಬಿದ್ದೆ. ಅವನ ಮುಖದಲ್ಲಿ ಎರಡೂ ಇರಲಿಲ್ಲ. ಆ ಎಲೆ, ಆ ಪಂಕ್ತಿ, ಎದ್ದುಹೋದ ಭಾವ, ಯಾವುದೂ ಅವನ ತಲೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ.

“ನಂಗೆ ನೆನಪಿದೆ,” ಎಂದಳು ಹೆಂಡತಿ. “ಪೋರೂರಿಂದ ಇಲ್ಲೀವರೆಗೂ ದಾರಿ ಪೂರ್ತಿ ಇದೇ ಮಾತು. ಆ ಆಟೋದವನಿಗೂ ನೆನಪಿರುತ್ತೆ.”

“ಎಬ್ಬಿಸಿದ್ದಿದ್ರೆ ಅದು ನನ್ನ ತಪ್ಪೇ ಭಾವ. ನಾನು ಏನೋ ಗಡಿಬಿಡೀಲಿ...”

“ಶ್, ಸುಮ್ನಿರಿ ಇಬ್ಬರೂ,” ಎಂದಳು ಅವಳು. “ಅಲ್ಲಿ ನೋಡಿ.”

ನಮ್ಮ ವಾದದ ನಡುವೆ ರಟ್ಟು ಸೋಫಾದ ಮೇಲೆ ಬಿದ್ದಿತ್ತು. ಕೆಳಗೆ ಮಚ್ಚೆಯ ಮರಿ ಗದ್ದವೆತ್ತಿ ನಿಂತಿತ್ತು. ಅದರ ಮುಂದೆ ನಮ್ಮ ಹಿರಿಯ ತಲೆಯನ್ನು ಹೊದಿಕೆಗೆ ತಾಗುವಷ್ಟು ತಗ್ಗಿಸಿ, ಮರಿಯಾಗಿದ್ದಾಗ ಕೂಗುತ್ತಿದ್ದಿರಬಹುದಾದ ಸಣ್ಣ ಸ್ವರದಲ್ಲಿ ಏನೋ ಕೂಗಿತು. ನನ್ನ ಕೈ ರಟ್ಟಿನ ಕಡೆಗೆ ಹೋಯಿತು. ಹೆಂಡತಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು, ಬಿಡಲಿಲ್ಲ. ಮಚ್ಚೆಯ ಮರಿ ಒಮ್ಮೆ ಹಿರಿಯನ ಕಿವಿಯನ್ನು ಮೂಸಿ, ಅಷ್ಟಕ್ಕೇ ತೃಪ್ತಿಯಾದಂತೆ ತಿರುಗಿ ಗರಿಕೆಯ ಕಡೆಗೆ ನಡೆಯಿತು. ಹಿರಿಯ ಅದರ ಹಿಂದೆ ನಡೆಯಿತು. ನಾನು ಸಮಪಾಲು ಮಾಡಿಟ್ಟ ಮೂರು ಗುಂಪುಗಳಲ್ಲಿ ಎರಡನ್ನು ಬಿಟ್ಟು, ಮೂರೂ ಒಂದೇ ಗುಂಪಿಗೆ ಬಾಯಿ ಹಾಕಿದವು. ಹಿರಿಯ ತಿಂದಿತು. ಆಮೇಲೆ ಆ ಬೋಳು ಬೆನ್ನಿಗೆ ಒರಗಿ ಕಣ್ಣು ಮುಚ್ಚಿತು.

ಸಂಜೆ ಬಾಮೈದ ಖಾಲಿ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತ. “ಏನ್ ಮಾಡ್ಲಿ ಭಾವ? ನಿಮಗೆ ಒಪ್ಪಿಗೆ ಇಲ್ದಿದ್ರೆ ತೊಗೊಂಡು ಹೋಗ್ತೀನಿ.”

ಒಪ್ಪಿಗೆ ಇರಲಿಲ್ಲ. ಆದರೂ, “ಇರಲಿ, ಬಿಟ್ಟು ಹೋಗು,” ಎಂದೆ. ಅವನು ನಕ್ಕು, ಮುಂದಿನ ಸಲ ಮೊದಲ ಎಲೆ ನಿಮಗೇ ಭಾವ ಎಂದ. ಅದು ಕ್ಷಮಾಪಣೆಯಲ್ಲ, ತಮಾಷೆ. ವ್ಯತ್ಯಾಸ ನನಗೆ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ನಾನು ಗೂಡಿನ ಮುಂದೆ ಕುಳಿತು ಮೊದಲ ಹಿಡಿಯನ್ನು ಹಿರಿಯನ ಮೂತಿಯ ಬಳಿಯೇ ಹಿಡಿದೆ. ಮಚ್ಚೆಯ ಮರಿ ನುಗ್ಗಿ ಅದನ್ನು ಎಳೆದುಕೊಂಡಿತು. ಹಿರಿಯ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಕೊಟ್ಟು, ನನ್ನ ಕೈಯಲ್ಲಿ ಉಳಿದದ್ದಕ್ಕಾಗಿ ಕತ್ತೆತ್ತಿ ಕಾಯುತ್ತ ನಿಂತಿತು. ಅದರ ಮುಖದಲ್ಲಿ ಅವಮಾನದ ಒಂದು ಗುರುತಾದರೂ ಇದೆಯೇ ಎಂದು ನಾನು ಬಗ್ಗಿ ನೋಡಿದೆ. ಅದಕ್ಕೆ ಹಸಿವಾಗಿತ್ತು, ಅಷ್ಟೆ.